ಕೋಟೆ, ಪೇಟೆ ಮತ್ತು ಒಂದು ಹೆಂಚಿನ ಮೇಲಿನ ಇಸವಿ

ಮಾನ್ಯರೆ,

ಶಿವಮೊಗ್ಗದ ಗಾಂಧಿ ಬಜಾರಿನ ಸುತ್ತಲಿನ ಹಳೆಯ ಹೆಂಚಿನ ಮನೆಗಳನ್ನು ಉಳಿಸಿಕೊಳ್ಳಬೇಕೆಂದು ಕಳೆದ ಸಂಚಿಕೆಯಲ್ಲಿ ನಾವು ಬರೆದದ್ದಕ್ಕೆ ತಾವು ಖಾರವಾಗಿಯೇ ಪ್ರತಿಕ್ರಿಯಿಸಿದ್ದೀರಿ. ಚರಿತ್ರೆ ಇರುವುದು ಕೆಳದಿ ಅರಸರ ರಾಜಧಾನಿಗಳಾಗಿದ್ದ ಕೆಳದಿ, ಇಕ್ಕೇರಿ ಮತ್ತು ನಗರ (ಅಂದಿನ ಬಿದನೂರು) ಎಂಬ ಊರುಗಳಲ್ಲಿ. ಶಿವಮೊಗ್ಗದಲ್ಲಿರುವುದು ಒಂದು ಅರಮನೆ, ಅದನ್ನು ಸರ್ಕಾರ ನೋಡಿಕೊಳ್ಳುತ್ತಿದೆ. ಮಿಕ್ಕಿದ್ದೆಲ್ಲ ಗೆದ್ದಲು ಹಿಡಿದ ಮರ ಎಂಬುದು ತಮ್ಮ ಪತ್ರದ ಸಾರ. ಆ ಅರಮನೆಯಲ್ಲಿ ಶಿವಪ್ಪನಾಯಕ ನಿಜಕ್ಕೂ ವಾಸವಾಗಿದ್ದನೇ ಎಂದೂ ಕೇಳಿದ್ದೀರಿ. ಬಜಾರಿನ ಹಿಂದಿನ ಕೇರಿಯಲ್ಲಿರುವ ಅಜ್ಜನ ಕಾಲದ ಮನೆಯನ್ನು ಕೆಡವಲು ಹೊರಟಾಗ ಹೆಂಚಿನ ಮೇಲೆ 1865 ಎಂಬ ಇಸವಿ ಕಂಡು ಮನೆಯವರು ಹಿಂಜರಿಯುತ್ತಿದ್ದಾರೆ ಎಂಬ ಸಂಗತಿಯನ್ನು ಪತ್ರದ ಕೊನೆಯಲ್ಲಿ ಸೇರಿಸಿದ್ದೀರಿ. ನಮ್ಮ ಮಟ್ಟಿಗೆ ಇಡೀ ಪತ್ರದಲ್ಲಿ ಅತ್ಯಂತ ಮುಖ್ಯವಾದದ್ದು ಅದೇ. ಅದಕ್ಕೆ ಆಮೇಲೆ ಬರುತ್ತೇವೆ.

ಶಿವಮೊಗ್ಗ ಎಂದೂ ರಾಜಧಾನಿಯಾಗಿರಲಿಲ್ಲ ಎಂಬ ತಮ್ಮ ಮಾತು ಸರಿ. ಕೆಳದಿ ಅರಸರು ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ ಹೋದರೇ ಹೊರತು ತುಂಗೆಯ ದಡದಲ್ಲಿ ನೆಲೆ ನಿಲ್ಲಲಿಲ್ಲ. ಶಿವಪ್ಪನಾಯಕ 1645ರಿಂದ 1660ರವರೆಗೆ ಆಳಿದ್ದು ಬಿದನೂರಿನಿಂದ. ಕೋಟೆ ರಸ್ತೆಯ ಅರಮನೆ ಅವನ ಹೆಸರನ್ನು ಹೊತ್ತಿದ್ದರೂ, ಅದರ ಕಟ್ಟೋಣವನ್ನು ಪರಿಶೀಲಿಸಿದ ವಿದ್ವಾಂಸರು ಅದು ಹದಿನೆಂಟನೆಯ ಶತಮಾನದ್ದು, 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯ ಕಾಲಕ್ಕೆ ಸಲ್ಲತಕ್ಕದ್ದು ಎನ್ನುತ್ತಾರೆ. ದಪ್ಪ ಮರದ ಕಂಬಗಳ ದರ್ಬಾರ್ ಹಜಾರವನ್ನೂ, ಮೇಲಂತಸ್ತಿನ ಕೋಣೆಗಳಿಂದ ಅದರತ್ತ ಇಣುಕಲು ಬಿಟ್ಟಿರುವ ಮೊಗಸಾಲೆಗಳನ್ನೂ ನೋಡಿದವರಿಗೆ ಈ ಮಾತು ಒಪ್ಪಿಗೆಯಾಗುತ್ತದೆ. ಹೆಸರು ಬದಲಾಗಬೇಕೆಂದು ನಾವು ಹೇಳುತ್ತಿಲ್ಲ. ಭೂಕಂದಾಯಕ್ಕೆ ‘ಶಿಸ್ತು’ ಎಂಬ ದರ ನಿಗದಿಯ ಪದ್ಧತಿಯನ್ನು ಏರ್ಪಡಿಸಿದ ದೊರೆಯ ಹೆಸರು ಈ ಜಿಲ್ಲೆಯಲ್ಲಿ ಒಂದು ಕಟ್ಟಡಕ್ಕಾದರೂ ಇರಲಿ.

ರಾಜಧಾನಿಯಾಗದ ಊರಿಗೆ ಚರಿತ್ರೆಯೇ ಇಲ್ಲ ಎಂಬ ತೀರ್ಮಾನವನ್ನು ಮಾತ್ರ ನಾವು ಒಪ್ಪಲಾರೆವು. ಶಿವಮೊಗ್ಗ ಬೆಳೆದದ್ದು ದಂಡಿನ ಠಾಣೆಯಾಗಿ ಮತ್ತು ಸಂತೆಪೇಟೆಯಾಗಿ. ಘಟ್ಟದ ಕಡೆಯ ಅಡಿಕೆ, ಮೆಣಸು, ಭತ್ತ ಬಯಲುಸೀಮೆಗೆ ಇಳಿಯುವ ದಾರಿಯಲ್ಲಿ, ಹೊಳೆಯನ್ನು ದಾಟುವ ಜಾಗದಲ್ಲಿ ಊರು ಕಟ್ಟಿಕೊಂಡಿತು. ದಾಟುವ ಜಾಗವನ್ನು ಕಾಯಲು ಕೋಟೆ ಬೇಕಾಯಿತು. ಆ ಕಾವಲು ಎಷ್ಟು ಮುಖ್ಯವಾಗಿತ್ತೆಂಬುದಕ್ಕೆ 1791ರ ಡಿಸೆಂಬರ್ 29ರ ಯುದ್ಧವೇ ಸಾಕ್ಷಿ. ಪರಶುರಾಮ ಭಾವುವಿನ ಮರಾಠಾ ಸೈನ್ಯದ ಜೊತೆಗಿದ್ದ ಬ್ರಿಟಿಷ್ ಕ್ಯಾಪ್ಟನ್ ಲಿಟಲ್‌ನ ತುಕಡಿ ಟಿಪ್ಪುವಿನ ಸೇನಾನಿ ರಜಾ ಸಾಹೇಬನ ಪಡೆಯನ್ನು ಊರ ಹೊರಗೆ ಸೋಲಿಸಿತು, ಕೆಲವೇ ದಿನಗಳಲ್ಲಿ ಕೋಟೆಯೂ ಶರಣಾಯಿತು. ಮುಂದೆ 1830ರ ನಗರ ದಂಗೆಯ ನಂತರ ಮೈಸೂರಿನ ಆಡಳಿತ ಬ್ರಿಟಿಷರ ಕೈಸೇರಿದಾಗ, ನಗರ ವಿಭಾಗದ ಕಚೇರಿಗಳು ಇಲ್ಲಿ ನೆಲೆಗೊಂಡವು. 1899ರಲ್ಲಿ ಬೀರೂರಿನಿಂದ ರೈಲು ಬಂತು.

ಇಂಥ ಊರಿನ ಚರಿತ್ರೆಯನ್ನು ಬಿಡಿ ಬಿಡಿ ಸ್ಮಾರಕಗಳಲ್ಲಿ ಹುಡುಕಿದರೆ ನಿರಾಸೆಯಾಗುವುದು ಸಹಜ. ಅದು ಇರುವುದು ಕೋಟೆ, ಪೇಟೆ, ಹೊಳೆ ಈ ಮೂರರ ನಡುವಿನ ನಂಟಿನಲ್ಲಿ. ಎರಡು ವರ್ಷಕ್ಕೊಮ್ಮೆ ನಡೆಯುವ ಕೋಟೆ ಮಾರಿಕಾಂಬಾ ಜಾತ್ರೆಯನ್ನೇ ನೋಡಿ. ಅಮ್ಮನವರನ್ನು ಮೊದಲು ಕೂರಿಸುವುದು ಗಾಂಧಿ ಬಜಾರಿನ ತವರುಮನೆಯಲ್ಲಿ. ಅಲ್ಲಿ ಉಡಿ ತುಂಬಿಸಿಕೊಂಡ ಮೇಲೆ ಕೋಟೆಯ ಗದ್ದುಗೆಗೆ ಮೆರವಣಿಗೆ. ಪೇಟೆ ತವರು, ಕೋಟೆ ಗಂಡನ ಮನೆ ಎಂಬ ಸಂಬಂಧವನ್ನು ಯಾವ ಶಾಸನವೂ ಇಷ್ಟು ಚೊಕ್ಕವಾಗಿ ದಾಖಲಿಸಿಲ್ಲ. ಕುಂಬಾರಗುಂಡಿ, ಸೀಗೆಹಟ್ಟಿ, ಲಷ್ಕರ್ ಮೊಹಲ್ಲಾ, ತಿರುಪಳಯ್ಯನ ಕೇರಿಗಳೂ ಈ ನಂಟಿನ ಭಾಗಗಳೇ. ಹೊಳೆಯ ವಿಷಯಕ್ಕೆ ಬಂದರೆ, ಕೋರ್ಪಲಯ್ಯನ ಛತ್ರದ ಬಳಿ ನೀರಿನೊಳಗಿರುವ ಕಲ್ಲಿನ ಮಂಟಪವನ್ನು ತಾವು ಬಲ್ಲಿರಿ. ಗಾಜನೂರಿನ ಅಣೆಕಟ್ಟಿನಿಂದ ಎಷ್ಟು ಕ್ಯುಸೆಕ್ ನೀರು ಬಿಟ್ಟರೆಂದು ಪತ್ರಿಕೆಗಳು ಬರೆದರೂ, ಮಳೆಗಾಲದಲ್ಲಿ ಊರಿನವರು ಕೇಳುವುದು ಮಂಟಪ ಮುಳುಗಿತೇ ಎಂದೇ. ಅದು ಬರಿಯ ಕಲ್ಲಿನ ಕಟ್ಟಡವಾಗಿದ್ದರೆ ಇಷ್ಟು ಹೊತ್ತಿಗೆ ಮರೆತುಹೋಗಿರುತ್ತಿತ್ತು.

ಪೇಟೆಯ ಅಡಿಕೆ ಮಂಡಿಗಳ ಬಗ್ಗೆ ಪ್ರತ್ಯೇಕ ಲೇಖನವನ್ನೇ ಬರೆಯಬಹುದು. 1939ರಲ್ಲಿ ಮಾಮ್ಕೋಸ್ ಎಂಬ ಅಡಿಕೆ ಮಾರಾಟ ಸಹಕಾರ ಸಂಘ ಹುಟ್ಟಿದ್ದೇ ಬೆಳೆಗಾರರು ತಮ್ಮ ಮಾಲನ್ನು ಸಹಕಾರಿಯಾಗಿ ಮಾರಿಕೊಳ್ಳಬೇಕೆಂದು. ವ್ಯಾಪಾರ ಸಾಗರ ರಸ್ತೆಯ ಎಪಿಎಂಸಿ ಪ್ರಾಂಗಣಕ್ಕೆ ಹೋದ ಮೇಲೆ ಪೇಟೆಯ ಮಂಡಿಗಳು ಬರಿದಾದವು. ಅಡಿಕೆಯನ್ನು ರಾಶಿ, ಬೆಟ್ಟೆ, ಸರಕು ಎಂಬ ದರ್ಜೆಗಳಾಗಿ ಬೇರ್ಪಡಿಸಿ ಮೂಟೆ ಒಟ್ಟುತ್ತಿದ್ದ ಉದ್ದನೆಯ ಹಜಾರಗಳು ಇಂದು ಬಟ್ಟೆ ಅಂಗಡಿಗಳ ಗೋದಾಮುಗಳಾಗಿವೆ. ಹಾಗಾದರೂ ನಿಂತಿವೆಯಲ್ಲ ಎಂಬುದೇ ಸಮಾಧಾನ.

ಮಲೆನಾಡಿನ ಮರಮುಟ್ಟು ಉಳಿಯುವುದಿಲ್ಲ ಎಂಬ ತಮ್ಮ ವಾದ ಅರ್ಧ ನಿಜ. ಸೂರು ಸೋರಿದ ಮರ ಉಳಿಯುವುದಿಲ್ಲ. ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸಿದ ಮನೆಯ ಹೊನ್ನೆ, ಬೀಟೆಯ ತೊಲೆ ನಮ್ಮ ಕಾಂಕ್ರೀಟಿಗಿಂತ ಹೆಚ್ಚು ಬಾಳುತ್ತದೆ. ಆದರೆ ಆ ಖರ್ಚನ್ನು ಒಬ್ಬ ಮನೆಮಾಲೀಕ ಏಕೆ ಹೊರಬೇಕು ಎಂಬ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿಲ್ಲ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರ್ ನಿರ್ಬಂಧಿತ. ಖಾಸಗಿ ಮನೆಗಳ ಕೇರಿಗೆ ಅಂಥ ಯಾವ ಆಸರೆಯೂ ಇಲ್ಲ. ನಗರ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡ, ಪಾರಂಪರಿಕ ವಲಯ ಎಂಬ ವ್ಯಾಖ್ಯಾನಗಳಿವೆ. ಸ್ಮಾರ್ಟ್ ಸಿಟಿಯ ಹಣದಲ್ಲಿ ಹೊಳೆದಂಡೆಯನ್ನು ಸಿಂಗರಿಸುವ ಉತ್ಸಾಹದ ಒಂದು ಪಾಲು ಆ ವ್ಯಾಖ್ಯಾನಗಳನ್ನು ಪೇಟೆಗೆ ಅನ್ವಯಿಸಿ, ದುರಸ್ತಿಗೆ ನೆರವು ಅಥವಾ ಕಂದಾಯದಲ್ಲಿ ವಿನಾಯಿತಿ ಕೊಡುವ ಕಡೆಗೂ ಹರಿಯಬೇಕಿತ್ತು. ನೆರವು ಕೊಡದೆ ಬರಿಯ ನಿರ್ಬಂಧ ಹೇರುವುದಾದರೆ ನಾವೂ ತಮ್ಮ ಪಕ್ಷವೇ.

ಇನ್ನು ತಮ್ಮ ಹೆಂಚಿನ ವಿಷಯ. 1865 ಎಂಬುದು ತಮ್ಮ ಮನೆ ಕಟ್ಟಿದ ಇಸವಿಯಲ್ಲ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ವರ್ಷ. ಎಷ್ಟೋ ದಶಕಗಳ ನಂತರದ ಹೆಂಚುಗಳ ಮೇಲೂ ಅದೇ ಅಂಕಿಯನ್ನು ಒತ್ತಲಾಗಿದೆ. ಅದರ ಜೊತೆಗೆ ಕಾಮನ್‌ವೆಲ್ತ್ ಎಂಬ ಹೆಸರೂ ಇದ್ದರೆ, ಮೊದಲ ಮಹಾಯುದ್ಧದ ನಂತರ ಕಾರ್ಖಾನೆ ಕೈ ಬದಲಾದ ಮೇಲಿನದ್ದೆಂದು ತಿಳಿಯಬೇಕು. ಆದರೆ ಹೆಂಚು ಹೊಸದಾದ ಮಾತ್ರಕ್ಕೆ ಮನೆಯೂ ಹೊಸದೆನ್ನಲಾಗದು. ಮೊದಲು ಕುಂಬಾರರ ಕೈಯ ನಾಡಹೆಂಚು ಹೊದೆಸಿದ್ದ ಎಷ್ಟೋ ಮನೆಗಳಿಗೆ ಆಮೇಲೆ ಮಂಗಳೂರು ಹೆಂಚು ಬಂದಿದೆ. ಅಟ್ಟ ಹತ್ತಿ, ಟಾರ್ಚ್ ಹಿಡಿದು ಪಕಾಸುಗಳ, ಅಂದರೆ ಮಾಡಿನ ಇಳಿಜಾರು ಮರಗಳ, ಬೆನ್ನನ್ನು ನೋಡಿ. ನಾಡಹೆಂಚಿಗೆ ಅದನ್ನು ಹೊರುವ ಅಡ್ಡಪಟ್ಟಿಗಳಾದ ರೀಪುಗಳು ಒತ್ತೊತ್ತಾಗಿ ಬೇಕು, ಮಂಗಳೂರು ಹೆಂಚಿಗೆ ಸುಮಾರು ಒಂದಡಿಗೊಂದು ಸಾಕು. ಈಗಿನ ರೀಪುಗಳ ನಡುವೆ ಹಳೆಯ ಮೊಳೆಯ ತೂತುಗಳು ಸಾಲಾಗಿ ಕಂಡರೆ, ಮಾಡು ಒಮ್ಮೆ ಬದಲಾಗಿದೆ, ಮನೆ ಹೆಂಚಿಗಿಂತ ಹಳೆಯದು ಎಂದರ್ಥ. ಮನೆಯ ಹಳೆಯ ಕ್ರಯಪತ್ರ ಇದ್ದರೆ ಅದರಲ್ಲಿ ಚಕ್ಕುಬಂದಿಯ ಜೊತೆಗೆ ಮನೆಯ ವರ್ಣನೆಯೂ ಸಿಗಬಹುದು.

ಇಷ್ಟಾದ ಮೇಲೂ ಕೆಡವುವುದೇ ತಮ್ಮ ನಿರ್ಧಾರವಾದರೆ, ಅದಕ್ಕೆ ಮೊದಲು ಒಬ್ಬ ಸರ್ವೇಯರನ್ನು ಕರೆಸಿ ಜಗಲಿ, ಹಜಾರ, ಹಿತ್ತಿಲುಗಳ ಅಳತೆಯ ನಕ್ಷೆ ಬರೆಸಿ, ಪ್ರತಿ ಕಂಬದ ಬೋದಿಗೆಯ ಫೋಟೊ ತೆಗೆಸಿ. ಮುಂಡಿಗೆಗಳನ್ನು ಹಳೇ ಮರದ ವ್ಯಾಪಾರಿಗೆ ಕೊಡುವ ಮುನ್ನ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಒಮ್ಮೆ ವಿಚಾರಿಸಿ. ನಕ್ಷೆಯ ಒಂದು ಪ್ರತಿಯನ್ನು ನಮಗೆ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ತಮ್ಮ ಹೆಸರು, ವಿಳಾಸ ಹಾಕದೆ ಪ್ರಕಟಿಸುತ್ತೇವೆ.

— ಸಂ.