ಹಳೆಯ ಪೆಟ್ಟಿನ ಮಂಡಿಗೆ ಸ್ಕೇಟಿಂಗ್ ಮಾಡುವಾಗ ಎಂಥ ಬ್ರೇಸ್ ಬೇಕು?

ಪ್ರಶ್ನೆ: ನನಗೆ ಈಗ 41 ವರ್ಷ. ಕಾಲೇಜಿನಲ್ಲಿದ್ದಾಗ ಆಟವಾಡುವಾಗ ಬಲಮಂಡಿ ಒಳಕ್ಕೆ ಮಡಚಿಕೊಂಡು ಒಳಪಕ್ಕದ ಲಿಗಮೆಂಟ್‌ಗೆ (ಮೂಳೆಗಳನ್ನು ಒಂದಕ್ಕೊಂದು ಬಿಗಿಯುವ ಕಟ್ಟಿಗೆ) ಪೆಟ್ಟಾಗಿತ್ತು. ಶಸ್ತ್ರಚಿಕಿತ್ಸೆಯಿಲ್ಲದೆ, ವಿಶ್ರಾಂತಿ ಮತ್ತು ವ್ಯಾಯಾಮದಿಂದಲೇ ಗುಣವಾಯಿತು. ಇತ್ತೀಚೆಗೆ ಮಗಳ ಜೊತೆ ಹವ್ಯಾಸಕ್ಕಾಗಿ ಇನ್‌ಲೈನ್ (ಒಂದೇ ಸಾಲಿನ ಚಕ್ರಗಳ) ಸ್ಕೇಟಿಂಗ್ ಆರಂಭಿಸಿದ್ದೇನೆ. ಊತವಾಗಲಿ ನೋವಾಗಲಿ ಇಲ್ಲ. ಆದರೆ ಸ್ವಲ್ಪ ಹೊತ್ತಾದ ಮೇಲೆ ಮಂಡಿಯ ಒಳಪಕ್ಕ ಬಿಗಿದಂತಾಗುತ್ತದೆ, ತಿರುವುಗಳಲ್ಲಿ ಆ ಕಾಲಿನ ಮೇಲೆ ಭಾರ ಹಾಕಲು ಅಳುಕಾಗುತ್ತದೆ. ಸಾಮಾನ್ಯ ನೀ ಕ್ಯಾಪ್ ಸಾಕೇ, ಎರಡೂ ಪಕ್ಕ ಲೋಹದ ಪಟ್ಟಿಯಿರುವ ಬ್ರೇಸ್ ಬೇಕೇ? ಬ್ರೇಸ್ ಹಾಕಿದರೆ ನೀ ಪ್ಯಾಡ್ ಬಿಡಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ಅನುಮಾನಕ್ಕೆ ಎಡೆಯಿಲ್ಲ: ನೀ ಪ್ಯಾಡನ್ನು ಬಿಡಬಾರದು. ಮಂಡಿ ಪಕ್ಕಕ್ಕೆ ಬಾಗದಂತೆ, ತಿರುಚದಂತೆ ತಡೆಯಲು ನೆರವಾಗುವುದು ಬ್ರೇಸ್‌ನ ಕೆಲಸ. ಬಿದ್ದಾಗ ನೆಲದ ಹೊಡೆತವನ್ನು ತಾನು ತೆಗೆದುಕೊಂಡು ಜಾರುವುದು ಪ್ಯಾಡಿನ ಗಟ್ಟಿ ಚಿಪ್ಪಿನ ಕೆಲಸ. ಒಂದು ಮಾಡುವ ಕೆಲಸವನ್ನು ಇನ್ನೊಂದು ಮಾಡಲಾರದು.

ಇನ್ನು ಆಯ್ಕೆಯ ವಿಷಯ. ಇಷ್ಟು ವರ್ಷಗಳ ಹಿಂದೆ ಆದ ಪೆಟ್ಟಿನ ಹೆಸರನ್ನು ಹಿಡಿದು ಬ್ರೇಸ್ ಕೊಳ್ಳುವವರೇ ಹೆಚ್ಚು, ಆದರೆ ನೋಡಬೇಕಾದುದು ಇಂದು ಆ ಮಂಡಿ ಹೇಗಿದೆ ಎಂಬುದನ್ನು. ನಡೆಯುವಾಗಲೋ ಮೆಟ್ಟಿಲಿಳಿಯುವಾಗಲೋ ಅದು ಇದ್ದಕ್ಕಿದ್ದಂತೆ ಕೈಕೊಡುತ್ತದೆಯೇ, ಮಡಚಿದಾಗ ನಡುವೆಯೇ ಹಿಡಿದುಕೊಳ್ಳುತ್ತದೆಯೇ, ಆಡಿದ ಮರುದಿನ ಊದಿಕೊಳ್ಳುತ್ತದೆಯೇ? ಈ ಮೂರರಲ್ಲಿ ಯಾವುದೊಂದಿದ್ದರೂ ಅಂಗಡಿಗೆ ಹೋಗುವ ಮೊದಲು ಮೂಳೆ ತಜ್ಞರ ಬಳಿ ಹೋಗಬೇಕು. ಕೈಕೊಡುವುದು ಲಿಗಮೆಂಟ್ ಸಡಿಲವಾಗಿರುವುದರ ಅಥವಾ ತೊಡೆಯ ಸ್ನಾಯು ಸೋತಿರುವುದರ ಸೂಚನೆಯಾಗಿರಬಹುದು, ಹಿಡಿದುಕೊಳ್ಳುವುದು ಮಂಡಿಯೊಳಗಿನ ಮೆನಿಸ್ಕಸ್ (ಮೂಳೆಗಳ ನಡುವಿನ ಮೆತ್ತೆ) ಹರಿದಿರುವುದರ ಸೂಚನೆಯಾಗಿರಬಹುದು, ಮತ್ತು ಇವುಗಳನ್ನು ಬಟ್ಟೆಯ ಕೆಳಗೆ ಮುಚ್ಚಿಟ್ಟು ಆಡುವುದು ಅಪಾಯಕರ. ನೀವು ಬರೆದಿರುವುದರಲ್ಲಿ ಇವು ಯಾವುವೂ ಇಲ್ಲದಿರುವುದು ಸಮಾಧಾನದ ವಿಷಯ. ಒಳಪಕ್ಕದ ಲಿಗಮೆಂಟ್‌ಗೆ ರಕ್ತಸಂಚಾರ ಚೆನ್ನಾಗಿರುವುದರಿಂದ ಅದು ಬಹುತೇಕ ಶಸ್ತ್ರಚಿಕಿತ್ಸೆಯಿಲ್ಲದೆಯೇ ಕೂಡಿಕೊಳ್ಳುತ್ತದೆ. ಆದರೂ ಒಮ್ಮೆ ಫಿಸಿಯೊಥೆರಪಿಸ್ಟ್ ಒಬ್ಬರಿಂದ ಮಂಡಿಯನ್ನು ಪಕ್ಕಕ್ಕೆ ಬಾಗಿಸಿ, ಎಡಗಾಲಿನೊಂದಿಗೆ ಹೋಲಿಸಿ ಪರೀಕ್ಷೆ ಮಾಡಿಸಿಕೊಳ್ಳಿ. ಕೆಲವೇ ನಿಮಿಷಗಳ ಆ ಪರೀಕ್ಷೆಯೇ ನಿಮ್ಮ ಆಯ್ಕೆಯನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ.

ಎರಡೂ ಮಂಡಿ ಸಮನಾಗಿ, ಸಡಿಲವಿಲ್ಲದೆ ಇದ್ದರೆ, ಹೆಣೆದ ಎಲಾಸ್ಟಿಕ್‌ನ ಅಥವಾ ನಿಯೋಪ್ರೀನ್‌ನ (ಮೆತ್ತನೆಯ ಕೃತಕ ರಬ್ಬರಿನ) ಸಾಧಾರಣ ನೀ ಕ್ಯಾಪ್ ಸಾಕು. ಅದು ಕೀಲನ್ನು ಯಾಂತ್ರಿಕವಾಗಿ ಹಿಡಿದಿಡುವುದಿಲ್ಲ. ಬೆಚ್ಚಗಿಡುತ್ತದೆ, ಚರ್ಮದ ಮೇಲಿನ ಒತ್ತಡದಿಂದ ಮಂಡಿ ಎಲ್ಲಿದೆ, ಹೇಗೆ ಬಾಗಿದೆ ಎಂಬ ಅರಿವನ್ನು ಮಿದುಳಿಗೆ ಚುರುಕಾಗಿ ಮುಟ್ಟಿಸುತ್ತದೆ. ನಿಮ್ಮಂತೆ ಅಳುಕಿನಿಂದ ಆಡುವವರಿಗೆ ಈ ಅರಿವು ನಿಜವಾಗಿಯೂ ಉಪಯುಕ್ತ. ಬಲಮಂಡಿಯಲ್ಲಿ ಸಡಿಲವಿದೆಯೆಂದು ಪರೀಕ್ಷೆಯಲ್ಲಿ ಕಂಡರೆ ಮಾತ್ರ ಎರಡೂ ಪಕ್ಕ ಲೋಹದ ಪಟ್ಟಿ ಮತ್ತು ಹಿಂಜ್ (ಮಡಚುವ ತಿರುಗಣಿ) ಇರುವ ಬ್ರೇಸ್‌ಗೆ ಅರ್ಥವಿದೆ, ಏಕೆಂದರೆ ಮಂಡಿ ಒಳಕ್ಕೆ ಮಡಚುವುದನ್ನು ತಡೆಯುವುದೇ ಆ ಪಟ್ಟಿಗಳ ಉದ್ದೇಶ. ಸವೆತದ ಸಂಧಿವಾತಕ್ಕೆಂದು ಮಾಡಿದ, ಮಂಡಿಯ ಒಂದು ಪಕ್ಕದ ಭಾರವನ್ನು ಇಳಿಸುವ ಬ್ರೇಸ್‌ಗಳೂ, ಶಸ್ತ್ರಚಿಕಿತ್ಸೆಯ ನಂತರ ಹಾಕುವ ಉದ್ದನೆಯ ಬ್ರೇಸ್‌ಗಳೂ ನಿಮಗಲ್ಲ.

ಸ್ಕೇಟಿಂಗ್‌ಗೆಂದು ಬ್ರೇಸ್ ಕೊಳ್ಳುವವರು ಬಹಳ ಸಲ ಮರೆಯುವ ಸಂಗತಿಯೊಂದಿದೆ: ಅದನ್ನು ಬೂಟಿನೊಂದಿಗೆ ಹಾಕಿಕೊಂಡೇ ಪರೀಕ್ಷಿಸಬೇಕು. ಇನ್‌ಲೈನ್ ಸ್ಕೇಟಿನ ಬೂಟು ಕಣಕಾಲಿನ ಮೇಲಕ್ಕೆ ಸಾಕಷ್ಟು ದೂರ ಬಂದಿರುತ್ತದೆ, ಸ್ಕೇಟಿಂಗ್ ಮಾಡುವಾಗ ಮಂಡಿ ಬಹುಪಾಲು ಬಾಗಿರುತ್ತದೆ. ಬ್ರೇಸ್ ಉದ್ದವಿದ್ದರೆ ಅದರ ಕೆಳಗಿನ ಅಂಚು ಬೂಟಿನ ಮೇಲಂಚಿಗೆ ತಗುಲಿ, ಪ್ರತಿ ತಳ್ಳುವಿಕೆಗೂ ಇಡೀ ಬ್ರೇಸ್ ತುಸು ಮೇಲಕ್ಕೆ ಜರುಗುತ್ತದೆ; ಆಗ ಹಿಂಜ್ ತನ್ನ ಜಾಗ ತಪ್ಪಿ, ಬಾಗುವ ಕೀಲಿಗೆ ನೆರವಾಗುವ ಬದಲು ಅದರ ವಿರುದ್ಧ ಎಳೆಯಲು ತೊಡಗುತ್ತದೆ. ಹಿಂಜ್‌ನ ನಡು ಮಂಡಿಚಿಪ್ಪಿನ ಮಧ್ಯದ ಮಟ್ಟದಲ್ಲಿ, ಕಾಲಿನ ಪಕ್ಕದ ನಡುಗೆರೆಗಿಂತ ಸ್ವಲ್ಪ ಹಿಂದಕ್ಕೆ ಇರಬೇಕು. ಬೂಟು, ಬ್ರೇಸ್, ಅದರ ಮೇಲೆ ಪ್ಯಾಡ್ ಮೂರನ್ನೂ ಹಾಕಿಕೊಂಡು ಹತ್ತಾರು ಸಲ ಅರ್ಧ ಬಸ್ಕಿ ಹೊಡೆದು, ಹಿಂಜ್ ಅಲ್ಲಿಯೇ ಉಳಿದಿದೆಯೇ ಎಂದು ನೋಡಿ. ಬ್ರೇಸ್‌ನ ಮೇಲೆ ಕೂರಲು ಪ್ಯಾಡ್ ಒಂದು ಗಾತ್ರ ದೊಡ್ಡದು ಬೇಕಾಗಬಹುದು. ಒತ್ತಿ ತುರುಕಿದ ಪ್ಯಾಡ್ ಬಿದ್ದಾಗ ಪಕ್ಕಕ್ಕೆ ಹೊರಳಿಬಿಡುತ್ತದೆ. ಒಳಪಕ್ಕದ ಹಿಂಜ್ ಎಷ್ಟು ತೆಳುವಾಗಿದ್ದರೆ ಅಷ್ಟು ಒಳ್ಳೆಯದು, ಇಲ್ಲವಾದರೆ ಕಾಲಿನ ಮೇಲೆ ಕಾಲು ದಾಟಿಸಿ ತಿರುಗುವಾಗ ಅದು ಇನ್ನೊಂದು ಮಂಡಿಗೆ ಬಡಿಯುತ್ತದೆ.

ಅಳತೆಯನ್ನು ಅಂದಾಜಿನ ಮೇಲೆ ಬಿಡಬೇಡಿ. ಮಂಡಿಚಿಪ್ಪಿನ ನಡುವಿನಿಂದ ಮೇಲಕ್ಕೆ ಮತ್ತು ಕೆಳಕ್ಕೆ ಸುಮಾರು 15 ಸೆಂ.ಮೀ. ದೂರದಲ್ಲಿ ಕಾಲಿನ ಸುತ್ತಳತೆ ತೆಗೆಯುವುದು ಹಲವು ತಯಾರಕರ ಪದ್ಧತಿ. ಕೊಳ್ಳುವ ಬ್ರೇಸ್‌ನ ಅಳತೆ ಕೋಷ್ಟಕದಲ್ಲಿ ಬೇರೆ ಜಾಗ ಹೇಳಿದ್ದರೆ ಅದನ್ನೇ ಅನುಸರಿಸಿ. ಬಿಗಿ ಮಾಡಿದ ಪಟ್ಟಿಯ ಕೆಳಗೆ ಎರಡು ಬೆರಳು ಹೋಗುವಂತಿರಲಿ. ಮಂಡಿಯ ಹೊರಪಕ್ಕದಲ್ಲಿ, ತುಸು ಕೆಳಗೆ, ಕೈಗೆ ಸಿಗುವ ಮೂಳೆಯ ಉಬ್ಬಿನ ಬಳಿ ಪಾದಕ್ಕೆ ಹೋಗುವ ನರ ಚರ್ಮಕ್ಕೆ ತೀರ ಸಮೀಪದಲ್ಲಿ ಹಾದುಹೋಗುತ್ತದೆ. ಅಲ್ಲಿ ಪಟ್ಟಿ ಒತ್ತಿದರೆ ಪಾದದ ಮೇಲ್ಭಾಗಕ್ಕೆ ಜೋಮು ಹಿಡಿಯುತ್ತದೆ, ಒತ್ತಡ ಮುಂದುವರಿದರೆ ಪಾದ ಎತ್ತುವ ಶಕ್ತಿಯೇ ಕುಂದಬಹುದು. ಜೋಮು ಕಂಡ ಕೂಡಲೇ ಬ್ರೇಸ್ ಬಿಚ್ಚಬೇಕು.

ನಿಮ್ಮ ಬಿಗಿತಕ್ಕೆ ಬ್ರೇಸ್ ಇಲ್ಲದಿರುವುದಕ್ಕಿಂತ ಹತ್ತಿರದ ಕಾರಣವೊಂದು ಇರಬಹುದೆಂದು ನನಗೆ ತೋರುತ್ತದೆ. ಹೊಸಬರು ಪಕ್ಕಕ್ಕೆ ತಳ್ಳುವಾಗ ಮಂಡಿಯನ್ನು ಪಾದದ ನೇರಕ್ಕೆ ಇಡದೆ ಒಳಕ್ಕೆ ಕುಸಿಯಲು ಬಿಡುತ್ತಾರೆ, ಮತ್ತು ಇದು ನಿಮಗೆ ಹಿಂದೆ ಪೆಟ್ಟಾದ ಲಿಗಮೆಂಟನ್ನೇ ಪ್ರತಿ ಸಲವೂ ಎಳೆಯುತ್ತದೆ. ಕನ್ನಡಿಯ ಮುಂದೆ ಬಲಗಾಲೊಂದರ ಮೇಲೆ ನಿಂತು ನಿಧಾನವಾಗಿ ಮಂಡಿ ಬಾಗಿಸಿ ನೋಡಿ. ಮಂಡಿ ಹೆಬ್ಬೆರಳಿಗಿಂತ ಒಳಕ್ಕೆ ಸರಿದರೆ ಪೃಷ್ಠದ ಪಕ್ಕದ ಸ್ನಾಯುಗಳು ದುರ್ಬಲವಾಗಿವೆಯೆಂದು ಅನುಮಾನಿಸಬಹುದು. ಅವುಗಳಿಗೂ ತೊಡೆಗೂ ಕ್ರಮವಾದ ವ್ಯಾಯಾಮ ನೀಡದೆ, ಎಷ್ಟೇ ಬೆಲೆಬಾಳುವ ಬ್ರೇಸ್ ತಂದರೂ ಆ ಬಿಗಿತ ಹೋಗುವುದು ಕಷ್ಟ. ಬಲಗಾಲನ್ನು ಹಿಂದೆ ಅಡ್ಡಲಾಗಿ ಎಳೆದು ಸ್ಕೇಟಿನ ಓಟ ನಿಲ್ಲಿಸುವ ವಿಧಾನದಲ್ಲಿಯೂ ಮಂಡಿ ತಿರುಚುವುದರಿಂದ ಸದ್ಯಕ್ಕೆ ಅದನ್ನು ಎಡಗಾಲಿಗೆ ಬಿಡಿ, ಅಥವಾ ಹಿಮ್ಮಡಿಯ ಬ್ರೇಕನ್ನೇ ಬಳಸಿ.

ಪ್ರಶ್ನೆ: ಹಿಂದೆ ಬಿದ್ದು ಮಂಡಿಚಿಪ್ಪಿಗೆ ಪೆಟ್ಟಾಗಿತ್ತು. ಸ್ಕೇಟಿಂಗ್‌ನಲ್ಲಿ ಬಹಳ ಹೊತ್ತು ಬಾಗಿದ್ದರೆ ಮಂಡಿಯ ಮುಂಭಾಗ ನೋಯುತ್ತದೆ. ಮುಂದೆ ರಂಧ್ರವಿರುವ ನೀ ಕ್ಯಾಪ್ ನೆರವಾಗುವುದೇ?

ಉತ್ತರ: ನೆರವಾಗುವ ಸಾಧ್ಯತೆಯಿದೆ. ರಂಧ್ರದ ಸುತ್ತ ಮೆತ್ತನೆಯ ದಿಂಡು ಇರುವುದನ್ನು ಆರಿಸಿ. ಅದು ಮಂಡಿಚಿಪ್ಪು ಪಕ್ಕಕ್ಕೆ ಸರಿಯುವುದನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ, ಚಿಪ್ಪಿನ ಮೇಲೆ ನೇರ ಒತ್ತಡವೂ ಬೀಳುವುದಿಲ್ಲ. ನೋವು ಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನಲ್ಲಿ ಮಾತ್ರ ಇದ್ದರೆ ಅಲ್ಲಿಗೆ ಕಟ್ಟುವ ಕಿರಿದಾದ ಪಟ್ಟಿಯೇ ಸಾಕಾಗಬಹುದು, ಅದು ಪ್ಯಾಡಿನ ಕೆಳಗೆ ಸುಲಭವಾಗಿ ಕೂರುತ್ತದೆ. ನಿಯೋಪ್ರೀನ್‌ನಿಂದ ಕೆಲವರ ಚರ್ಮ ಕೆಂಪಾಗಿ ತುರಿಸುತ್ತದೆ. ಹಾಗಾದರೆ ಹೆಣೆದ ಬಟ್ಟೆಯದಕ್ಕೆ ಬದಲಾಯಿಸಿ. ಆಡಿ ಬಂದ ಮೇಲೆ ಬಿಚ್ಚಿ, ಕೈಯಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿ, ಮತ್ತು ಎಲಾಸ್ಟಿಕ್ ಸಡಿಲಾಗಿ ಜಾರತೊಡಗಿದಾಗ ಹೊಸದನ್ನು ಕೊಳ್ಳಿ.