ಸರ್ವರ್ ಮುಂಬೈಯಲ್ಲಿದೆ, ಬ್ಯಾಕಪ್ ಎಲ್ಲಿದೆ?

ಪ್ರಶ್ನೆ: ಸರ್, ಸಾಗರದಲ್ಲಿ ನಾಲ್ಕು ಜನ ಸೇರಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇವೆ. ಸ್ಥಳೀಯ ಸಂಸ್ಥೆಯೊಂದರ ನೀರಿನ ಬಿಲ್ಲಿನ ಆ್ಯಪ್ ಸಬ್ ಕಾಂಟ್ರ್ಯಾಕ್ಟ್‌ನಲ್ಲಿ ಸಿಕ್ಕಿದೆ. ಡೇಟಾ ಭಾರತದಲ್ಲೇ ಇರಬೇಕೆಂದು ಟೆಂಡರ್ ಹೇಳುತ್ತದಂತೆ. ಸರ್ವರ್ ಮುಂಬೈಯದು, ಬ್ಯಾಕಪ್ ಮಾತ್ರ ಸಿಂಗಪುರಕ್ಕೆ ಹೋಗುತ್ತದೆ, ಅದೂ ಎನ್‌ಕ್ರಿಪ್ಟ್ ಆಗಿ. ನಡೆಯುತ್ತದಾ?
– ಓದುಗರು, ಸಾಗರ

ಉತ್ತರ: ನಡೆಯುವುದಿಲ್ಲ. ಬೀಗ ಹಾಕಿದ ಪೆಟ್ಟಿಗೆಯೂ ಗಡಿ ದಾಟಿದರೆ ದಾಟಿದಂತೆಯೇ. ಹಾಗೆ ನೋಡಿದರೆ ಸಿಂಗಪುರದ ಅಗತ್ಯವೂ ಇಲ್ಲ: ಅಮೆಜಾನ್‌ಗೆ ಮುಂಬೈ ಜೊತೆ ಹೈದರಾಬಾದ್, ಮೈಕ್ರೋಸಾಫ್ಟ್‌ಗೆ ಪುಣೆ, ಚೆನ್ನೈ, ಗೂಗಲ್‌ಗೆ ಮುಂಬೈ, ದೆಹಲಿಯಲ್ಲಿ ಡೇಟಾ ಸೆಂಟರ್‌ಗಳಿವೆ.

'ಹೇಳುತ್ತದಂತೆ' ಎಂದಿರಿ, ಅಲ್ಲೇ ನನಗೆ ಅನುಮಾನ. ಮುಖ್ಯ ಗುತ್ತಿಗೆದಾರರಿಂದ ಆ ಷರತ್ತಿನ ಪ್ರತಿ ತರಿಸಿಕೊಂಡು ನೀವೇ ಓದಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಎಲ್ಲವನ್ನೂ ದೇಶದೊಳಗೇ ಇಡಿ ಎನ್ನುತ್ತದೆಂದು ಹಲವರು ನಂಬಿದ್ದಾರೆ. ಅದು ಹಾಗೆನ್ನುವುದಿಲ್ಲ, ಕೇಂದ್ರ ಸರ್ಕಾರ ನಿರ್ಬಂಧಿಸಿದ ದೇಶಗಳಿಗೆ ಮಾತ್ರ ತಡೆ. ನಿಮ್ಮನ್ನು ಕಟ್ಟಿಹಾಕುವುದು ಟೆಂಡರಿನ ಷರತ್ತು. ಕೇಂದ್ರದ ಐಟಿ ಸಚಿವಾಲಯದ ಪಟ್ಟಿಯಲ್ಲಿರುವ ಕ್ಲೌಡ್ (ಬಾಡಿಗೆ ಸರ್ವರ್ ಸೇವೆ) ಬೇಕೆಂದೂ ಅದರಲ್ಲಿರಬಹುದು. ಆಗ ಕಂಪನಿಯ ಹೆಸರೊಂದೇ ಸಾಲದು, ನೀವು ಬಳಸುವ ಸೇವೆಯೂ ಡೇಟಾ ಸೆಂಟರೂ ಪಟ್ಟಿಯಲ್ಲಿವೆಯೇ ನೋಡಿ.

ಡೇಟಾಬೇಸ್‌ಗಿಂತ ಹೆಚ್ಚು ಸೋರುವುದು ಸಣ್ಣಪುಟ್ಟ ತೂತುಗಳಲ್ಲಿ. ಆ್ಯಪ್ ಕೈಕೊಟ್ಟಾಗ ವರದಿ ಕಳಿಸುವ ಉಚಿತ ಟೂಲ್ ಗ್ರಾಹಕರ ಫೋನ್ ನಂಬರನ್ನೂ ಹೊತ್ತೊಯ್ಯಬಹುದು. ಬಿಲ್ ಮೇಲ್ ಮಾಡುವ ಸೇವೆಯ ಸರ್ವರ್ ಎಲ್ಲಿದೆಯೋ! ಟೆಸ್ಟಿಂಗ್‌ಗೆಂದು ಯಾರೋ ಅಸಲಿ ಪಟ್ಟಿಯನ್ನೇ ಹಾಕಿರುತ್ತಾರೆ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತವೆಂದು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವುದೂ ನಮ್ಮ ಮಲೆನಾಡಿನಲ್ಲಿ ಮಾಮೂಲು. ಅದು ಭಾರತದಲ್ಲೇ ಇದೆ ನಿಜ, ಆದರೆ ಬಸ್ಸಿನಲ್ಲಿ ಮರೆತರೆ ಬೇರೆಯೇ ಕಥೆ.

ಲಾಗ್‌ಗಳನ್ನೂ (ಸರ್ವರಿನಲ್ಲಿ ಯಾವಾಗ ಏನು ನಡೆಯಿತೆಂಬ ದಾಖಲೆಗಳು) ಮರೆಯಬೇಡಿ. ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಕೊಟ್ಟ ನಿರ್ದೇಶನದಂತೆ ಅವನ್ನು 180 ದಿನ ಕಾಪಿಡಬೇಕು. ಅದೇ ನಿರ್ದೇಶನ ಪಟ್ಟಿಮಾಡಿದ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಸರ್ಟ್-ಇನ್‌ಗೆ ವರದಿಯನ್ನೂ ಕೊಡಬೇಕು. ನಾಲ್ವರಲ್ಲಿ ಆ ವರದಿ ಕೊಡುವವರು ಯಾರೆಂದು ಈಗಲೇ ತೀರ್ಮಾನಿಸಿ.

ಬ್ಯಾಕಪ್ಪನ್ನು ಹೈದರಾಬಾದಿಗೋ ಚೆನ್ನೈಗೋ ತಿರುಗಿಸಿದರಷ್ಟೇ ಮುಗಿಯಲಿಲ್ಲ. ಹಳೆಯ ಪ್ರತಿಗಳು ಸಿಂಗಪುರದಲ್ಲೇ ಕೂತಿರುತ್ತವೆ. ಹೊಸ ಬ್ಯಾಕಪ್ಪಿನಿಂದ ಒಮ್ಮೆ ಡೇಟಾ ಮರಳಿ ಪಡೆದು ನೋಡಿ. ಸರಿಯಿದ್ದರೆ ಮುಖ್ಯ ಗುತ್ತಿಗೆದಾರರಿಗೆ ಲಿಖಿತವಾಗಿ ತಿಳಿಸಿ, ಹಳೆಯವನ್ನು ಅಳಿಸಿ, ಅಳಿಸಿದ ದಾಖಲೆಯನ್ನು ಫೈಲಿನಲ್ಲಿಡಿ.