ಸೂಟ್‌ಕೇಸ್ ತುಂಬ ಡೋಲೋ ಬೇಡ ತಂಗಿ

"ಅಕ್ಕಾ, ಮುಂದಿನ ತಿಂಗಳು ಡಿಪೆಂಡೆಂಟ್ ವೀಸಾದಲ್ಲಿ ಇಂಗ್ಲೆಂಡಿನ ಲೆಸ್ಟರ್‌ಗೆ ಬರ್ತಿದೀನಿ. ಅಲ್ಲಿ ಅಂಗಡಿಯಲ್ಲಿ ಎರಡು ಪ್ಯಾಕೆಟ್‌ಗಿಂತ ಜಾಸ್ತಿ ಪ್ಯಾರಾಸಿಟಮಾಲ್ ಕೊಡಲ್ವಂತೆ, ಊರಿಂದಲೇ ಡೋಲೋ ತರಲಾ? ಕುಕ್ಕರ್? ಸ್ವೆಟರ್?" ಅಂತ ಕೇಳಿದ್ದೀಯ.

ಕುಕ್ಕರ್ ತಾ. ಸಾರಿನ ಪುಡಿ ಅಮ್ಮನ ಕೈಯದ್ದೇ ಇರಲಿ. ಸ್ವೆಟರ್ ಇಲ್ಲೇ ಕೊಂಡರಾಯ್ತು, ಬೆಂಗಳೂರಿನದು ಇಲ್ಲಿನ ಜನವರಿಗೆ ಸಾಲದು.

ಡೋಲೋ ಒಂದು ಸ್ಟ್ರಿಪ್ ಸಾಕು. ಡೋಲೋ, ಕ್ರೋಸಿನ್, ಇಲ್ಲಿನ ಹೆಚ್ಚಿನ ನೆಗಡಿ ಪುಡಿಗಳು, ಎಲ್ಲದರಲ್ಲೂ ಇರುವುದು ಅದೇ ಪ್ಯಾರಾಸಿಟಮಾಲ್. ಗೊತ್ತಿಲ್ಲದೆ ಎರಡೆರಡು ಸೇರಿಸಿ ತೊಗೋಬೇಡ. ಅಂಗಡಿಯವರು ಜಿಪುಣರಲ್ಲ. ಬೇಸರದ ಗಳಿಗೆಯಲ್ಲಿ ಮನೆಯಲ್ಲಿದ್ದ ಮಾತ್ರೆ ನುಂಗಿ ಸಾಯುವವರು ಹೆಚ್ಚಾಗಿದ್ದರಿಂದ 1998ರಲ್ಲಿ ಪ್ಯಾಕೆಟ್ ಚಿಕ್ಕದು ಮಾಡಿದರು. ಆಮೇಲೆ ಸಾವು ಇಳಿಯಿತು. ಆ ಗಳಿಗೆ ದಾಟಿದರೆ ಎಷ್ಟೋ ಜನ ಉಳಿಯುತ್ತಾರೆ.

ಹೊಸದಾಗಿ ಬರುವವಳಿಗೆ ಇದೆಲ್ಲ ಯಾಕೆ ಅಂತೀಯಾ? ಇಲ್ಲಿ ಹೀಗೆ ತಮಗೆ ತಾವೇ ಹಾನಿ ಮಾಡಿಕೊಳ್ಳುವುದು ನಮ್ಮ ಕಡೆಯ ದೇಶಗಳ ಹರೆಯದ ಹೆಣ್ಣುಮಕ್ಕಳಲ್ಲಿ, ಅದೇ ವಯಸ್ಸಿನ ಬಿಳಿಯರಿಗಿಂತ ಜಾಸ್ತಿ ಅಂತ ಹಲವು ಅಧ್ಯಯನಗಳು ಹೇಳಿವೆ. ಮನೆಯೊಳಗಿನ ಜಗಳವೇ ಹೆಚ್ಚಿನ ಕಾರಣ. ನನಗೆ ಆಶ್ಚರ್ಯವಾಗಲಿಲ್ಲ. ನಾನು ಬಂದ ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲು. ಇವರು ಕೆಲಸಕ್ಕೆ ಹೋದರೆ ಮಾತಾಡಲು ಗೋಡೆ. ಫೋನ್ ಕಾರ್ಡ್ ಹಾಕಿ ಅಮ್ಮನಿಗೆ "ಆರಾಮಾಗಿದೀನಿ" ಅಂತಿದ್ದೆ.

ನಮ್ಮ ಬೀದಿಯಲ್ಲೇ ಹಾಸನದ ಕಡೆಯ ಹುಡುಗಿಯೊಬ್ಬಳು ಜಗಳವಾದ ರಾತ್ರಿ ಮಾತ್ರೆ ನುಂಗಿದಳು. ಬೆಳಿಗ್ಗೆ ಎದ್ದು ಓಡಾಡುತ್ತಿದ್ದಳಂತೆ. ಮನೆಯವರು ಸುಮ್ನಾಗಿಬಿಟ್ಟರು. ಪೊಲೀಸ್ ಬಂದರೆ, ವೀಸಾ ಹೋದರೆ, ಊರಲ್ಲಿ ಗೊತ್ತಾದರೆ ಅನ್ನುವ ಭಯ. ಈ ಮಾತ್ರೆಯ ಮೋಸವೇ ಅದು: ಮೊದಲ ದಿನ ಏನೂ ಅನ್ನಿಸದಿರಬಹುದು, ಒಳಗೆ ಲಿವರ್ ಕೆಡುತ್ತಿರುತ್ತದೆ. ಮದ್ದು ಇದೆ, ಬೇಗ ಹೋದಷ್ಟೂ ಒಳ್ಳೆಯದು. ಪಕ್ಕದ ಮನೆಯಾಕೆ ಗದರಿಸಿ ಆಸ್ಪತ್ರೆಗೆ ಕರೆದೊಯ್ದಳು. ಹುಡುಗಿ ಉಳಿದಳು, ಈಗ ಕೆಲಸದಲ್ಲಿದ್ದಾಳೆ. ಪೊಲೀಸ್ ಕೇಸೂ ಇಲ್ಲ, ಏನೂ ಇಲ್ಲ. ಇಂಗ್ಲೆಂಡಿನಲ್ಲಿ 1961ರಿಂದಲೇ ಇದು ಅಪರಾಧವಲ್ಲ.

ಊರಿಗೆ ಮಾತ್ರ ಫುಡ್ ಪಾಯಿಸನ್ ಅಂದರು. ಇವತ್ತಿಗೂ ಅದೇ ಕಥೆ. ನಮ್ಮ ಮಕ್ಕಳು ಇಲ್ಲಿನ ಆಸ್ಪತ್ರೆಗಳಲ್ಲಿ ಡಾಕ್ಟರ್ ಆಗಿದ್ದಾರೆ, ಹೆಮ್ಮೆ ಇದೆ. ಯುಗಾದಿಗೆ ಸೇರಿದಾಗ ಒಬ್ಬಟ್ಟಿನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ, ಈ ವಿಷಯಕ್ಕೆ ಮಾತ್ರ ಬಾಯಿಲ್ಲ. ಆ ಸಂಕಟ ನನಗೆ ಹೋಗಿಲ್ಲ.

ಮನಸ್ಸು ತೀರಾ ಭಾರವಾದರೆ ಫೋನಿನಲ್ಲಿ ನಮ್ಮ ಕಷ್ಟ ಕೇಳಿಸಿಕೊಳ್ಳುವ ಸಮಾರಿಟನ್ಸ್‌ಗೆ 116 123, ಹಗಲು ರಾತ್ರಿ ಪುಕ್ಕಟೆ. ಯಾರಾದರೂ ಮಾತ್ರೆ ನುಂಗಿದ್ದರೆ, ನೋಡಲು ಚೆನ್ನಾಗಿದ್ದರೂ, ತಕ್ಷಣ ಎಮರ್ಜೆನ್ಸಿಗೆ ಹೋಗು ಅಥವಾ 999 ಒತ್ತು. ಬಂದ ವಾರವೇ ಜಿಪಿ, ಅಂದರೆ ಬಡಾವಣೆಯ ಡಾಕ್ಟರ್, ಹತ್ತಿರ ಹೆಸರು ಬರೆಸು. ಇಂಗ್ಲಿಷ್ ತಡವರಿಸಿದರೆ ಕನ್ನಡ ದುಭಾಷಿ ಬೇಕು ಅಂತ ಕೇಳು, ದುಡ್ಡು ಕೊಡಬೇಕಿಲ್ಲ. ಯಜಮಾನರು ಜೊತೆಗೆ ಬಂದಿದ್ದರೂ "ಒಬ್ಬಳೇ ಮಾತಾಡಬೇಕು" ಅನ್ನಬಹುದು. ಇಲ್ಲಿ ಅದು ಮಾಮೂಲಿ, ಯಾರೂ ತಪ್ಪು ತಿಳಿಯಲ್ಲ.